ಹನ್ನೆರಡು ಟ್ರೇಯ ಡ್ರೈಯರ್: ಎರಡು ಮಳೆಗಾಲ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಹಪ್ಪಳ ಒಣಗಿಸಲಿಕ್ಕೆ ಅಂತ ಈ ಯಂತ್ರ ತಗೊಳ್ಳಬೇಡಿ. ನಾನು ತಗೊಂಡದ್ದು ಅದಕ್ಕೇ.

ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲೂಕು. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುವುದು ನನ್ನ ಕಸುಬು. ಮಾರ್ಚಿನಲ್ಲಿ ಮಿಡಿ, ಏಪ್ರಿಲ್-ಮೇಯಲ್ಲಿ ಹಲಸು. ಆ ಮೂರು ತಿಂಗಳು ಮನೆಯಲ್ಲಿ ಕೂತುಕೊಳ್ಳಲು ಜಾಗ ಇರುವುದಿಲ್ಲ. ಜಗುಲಿ ತುಂಬ ಸೊಳೆ ಬಿಡಿಸುವವರು, ಅಂಗಳ ತುಂಬ ಚಾಪೆ, ಚಾಪೆ ತುಂಬ ಹಪ್ಪಳ, ಅದನ್ನು ಕಾಯಲು ಕೋಲು ಹಿಡಿದ ಅತ್ತೆ. ಮೃಗಶಿರ ಮಳೆ ಹಿಡಿಯಿತೋ, ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದರೆ ಮುಗಿಯಿತು. ಅಲ್ಲಿಂದ ಮುಂದಿನ ಮಿಡಿ ಬರುವವರೆಗೆ ಡಬ್ಬಿಯಲ್ಲಿ ಉಳಿದದ್ದನ್ನು ಮಾರುವುದು, ಅದೂ ನವರಾತ್ರಿಯೊಳಗೆ ಖಾಲಿ. ಜೊತೆಗೆ ಕೆಲಸ ಮಾಡುವ ಇಬ್ಬರು ಹೆಂಗಸರು ಪ್ರತಿ ಜೂನ್‌ನಲ್ಲೂ ಕೇಳುತ್ತಿದ್ದರು, "ಅಕ್ಕಾ, ಇನ್ನೆಂತದಾದ್ರೂ ಕೆಲಸ ಇದ್ಯಾ?" ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಧಾರವಾಡದ ಕೃಷಿ ಮೇಳಕ್ಕೆ ಹೋದಾಗ ಒಂದು ಮಳಿಗೆಯಲ್ಲಿ ಈ ಡ್ರೈಯರ್ ಕಂಡೆ. ಗೋದ್ರೇಜ್ ಬೀರುವಿನಷ್ಟು ಎತ್ತರ, ಒಳಗೆ ಹನ್ನೆರಡು ಟ್ರೇ, ಹಿಂದೆ ಫ್ಯಾನು, 3 ಕಿಲೋವಾಟ್ ಹೀಟರ್, ಸಿಂಗಲ್ ಫೇಸ್‌ನಲ್ಲೇ ಓಡುತ್ತದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ನಮೂನೆಯದ್ದನ್ನು ಹತ್ತಾರು ಕಡೆ ಮಾಡುತ್ತಾರೆ, ನಾನು ಹೇಳುವ ಮಾತು ಹೆಚ್ಚುಕಡಿಮೆ ಎಲ್ಲಕ್ಕೂ ಹೊಂದುತ್ತದೆ. ಮಳಿಗೆಯ ಹುಡುಗ ಬಹಳ ಚುರುಕು. "ಒಂದು ಸಲಕ್ಕೆ ಐನೂರು ಹಪ್ಪಳ ಮೇಡಂ, ಮಳೆಗಾಲದಲ್ಲೂ" ಎಂದ. ಐನೂರು ಎಂಬ ಸಂಖ್ಯೆ ತಲೆಯಲ್ಲಿ ಕೂತುಬಿಟ್ಟಿತು. ಟ್ರೇಯ ಅಳತೆ ಅಲ್ಲೇ ಬರೆದಿತ್ತು, 32 ಇಂಚು ಉದ್ದ, 16 ಇಂಚು ಅಗಲ. ನನ್ನ ಹಪ್ಪಳ ಆರು ಇಂಚು. ಉದ್ದಕ್ಕೆ ಐದು, ಅಗಲಕ್ಕೆ ಎರಡು, ಟ್ರೇಗೆ ಹತ್ತು, ಹನ್ನೆರಡು ಟ್ರೇಗೆ ನೂರಿಪ್ಪತ್ತು. ಮೂರನೇ ಕ್ಲಾಸಿನ ಮಗು ಮಾಡುವ ಲೆಕ್ಕ. ನಾನು ಮಾಡಿದ್ದು ಯಂತ್ರ ಮನೆಗೆ ಬಂದ ಮೇಲೆ.

ಬೆಲೆ ಜಿಎಸ್‌ಟಿ, ಲಾರಿ ಬಾಡಿಗೆ ಎಲ್ಲ ಸೇರಿ 1,12,000 ರೂಪಾಯಿ ಬಿತ್ತು. 12,000 ಕೈಯಿಂದ, ಉಳಿದ ಒಂದು ಲಕ್ಷ ಸಾಲ. ಪಿಎಂಎಫ್‌ಎಂಇ ಎಂಬ ಯೋಜನೆ ಇದೆಯಲ್ಲ, 2020ರಲ್ಲಿ ಶುರುವಾದದ್ದು, ಸಣ್ಣ ಆಹಾರ ಘಟಕಗಳಿಗೆ ಸಹಾಯಧನ ಕೊಡುವುದು, ಅದರಲ್ಲಿ. ಕೇಂದ್ರದ ಪಾಲು ಶೇ. 35, ಕರ್ನಾಟಕ ಅದಕ್ಕೆ ತನ್ನದೊಂದು ಶೇ. 15 ಸೇರಿಸುತ್ತದೆ, ಒಟ್ಟು ಅರ್ಧ. ಅರ್ಜಿ, ಯೋಜನಾ ವರದಿ ಇದೆಲ್ಲ ತಯಾರು ಮಾಡಿಕೊಡಲು ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳೂ ಇರುತ್ತಾರೆ. ಕೇಳಲು ಚೆಂದ. ಆದರೆ ಆ ಅರ್ಧ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ನಿಮ್ಮ ಸಾಲದ ಹೆಸರಿನಲ್ಲಿ ಮೂರು ವರ್ಷ ಕೂರುತ್ತದೆ, ಕಂತು ಸರಿಯಾಗಿ ಕಟ್ಟಿದರೆ ಕೊನೆಗೆ ಸಾಲಕ್ಕೆ ವಜಾ ಆಗುತ್ತದೆ. ಅಲ್ಲಿಯವರೆಗೆ ಕಂತು ಕಂತೇ. ನನ್ನದು ತಿಂಗಳಿಗೆ 2,125. ಇದನ್ನು ಮೊದಲೇ ಬಿಡಿಸಿ ಹೇಳುವವರು ಕಡಿಮೆ. ಹೇಳುವವರು ಹೇಳಿದರೂ ನಾವು "ಅರ್ಧ ಮಾಫಿ" ಎಂಬಷ್ಟನ್ನೇ ಕೇಳಿಸಿಕೊಂಡಿರುತ್ತೇವೆ.

ಮೊದಲ ಜೂನ್. ಮಳೆ ಕುಡಿದ ಹಲಸಿನಕಾಯಿ, ನೀರು ನೀರು ಸೊಳೆ. ಬೇಯಿಸಿ, ಕುಟ್ಟಿ, ಒತ್ತಿ, ನೂರಿಪ್ಪತ್ತು ಹಪ್ಪಳ ಹರವಿ ಬಾಗಿಲು ಹಾಕಿದೆ. ಎರಡು ಗಂಟೆ ಬಿಟ್ಟು ನೋಡಿದರೆ ಫ್ಯಾನಿನ ಗಾಳಿಗೆ ಅಂಚು ಮುರುಟಿ ಒಂದೊಂದೂ ದೊನ್ನೆಯ ಹಾಗೆ ಆಗಿದೆ. ಬಿಸಿಲಿನಲ್ಲಿ ಹಪ್ಪಳ ನಿಧಾನಕ್ಕೆ ಒಣಗುತ್ತದೆ, ಅರ್ಧ ಒಣಗಿದಾಗ ನಾವು ಮಗುಚಿ ಹಾಕುತ್ತೇವೆ, ಅದು ತಟ್ಟೆಯಂತೆ ಮಲಗಿರುತ್ತದೆ. ಇಲ್ಲಿ ಮೇಲಿನ ಟ್ರೇಯದ್ದು ಕೆಂಪಾಗಿ ಬಿರುಕು ಬಿಟ್ಟಿತ್ತು, ಕೆಳಗಿನದ್ದು ಇನ್ನೂ ಬೆರಳಿಗೆ ಅಂಟುತ್ತಿತ್ತು. ನೂರು ಹಪ್ಪಳಕ್ಕೆ 350 ರೂಪಾಯಿಗೆ ಮಾರುವವಳು ನಾನು. ಒಂದು ಹೊತ್ತು ಪೂರ್ತಿ ಯಂತ್ರ ಓಡಿಸಿ ನಾನೂರು ರೂಪಾಯಿಯ ದೊನ್ನೆ ಮಾಡಿದೆ. ಅತ್ತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಇದರಲ್ಲಿ ಪಾಯಸ ಬಡಿಸಬಹುದು" ಎಂದರು.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಮೇ ಕೊನೆಯಲ್ಲಿ ಇದ್ದಕ್ಕಿದ್ದಂತೆ ಮಳೆ ಬಂದು ಅಂಗಳದಲ್ಲಿದ್ದ ಅರೆಒಣಗಿನ ಹಪ್ಪಳ ಎತ್ತಿಕೊಂಡು ಓಡುವ ದಿನ ಇರುತ್ತದಲ್ಲ, ಅಂಥ ದಿನ ಇದು ಮಾನ ಕಾಯುತ್ತದೆ. ಮುಕ್ಕಾಲು ಒಣಗಿದ್ದನ್ನು ಒಂದರ ಮೇಲೊಂದು ಇಟ್ಟರೂ ನಡೆಯುತ್ತದೆ. ಹೋದ ವರ್ಷ ಹೀಗೆ ಒಂದೇ ರಾತ್ರಿಯಲ್ಲಿ ಒಂಬೈನೂರು ಹಪ್ಪಳ ಬೂಷ್ಟು ಹಿಡಿಯದೆ ಉಳಿದವು.

ಹಪ್ಪಳ ಆಗದು ಎಂದ ಮೇಲೆ ಎಲ್ಲರೂ ಹೇಳಿದ್ದು ಬಾಳೆಕಾಯಿ ಹುಡಿ. 2021ರ ಲಾಕ್‌ಡೌನ್ ಹೊತ್ತಿಗೆ ನಮ್ಮ ಕಡೆ "ಬಾಕಾಹು" ಎಂಬ ಹೆಸರಿನಲ್ಲಿ ಭಾರೀ ಓಡಿತಲ್ಲ, ಪ್ರಧಾನಿ ತಮ್ಮ ರೇಡಿಯೋ ಭಾಷಣದಲ್ಲೂ ನಮ್ಮ ಜಿಲ್ಲೆಯ ಹೆಸರು ಹೇಳಿ ದೋಸೆ, ಗುಲಾಬ್ ಜಾಮೂನಿನ ಮಾತಾಡಿದ್ದರು. ಬಾಳೆಕಾಯಿಯ ವಿಷಯದಲ್ಲಿ ಯಂತ್ರದ ತಪ್ಪಿಲ್ಲ, ಚೆನ್ನಾಗಿಯೇ ಒಣಗಿಸುತ್ತದೆ. 60 ಡಿಗ್ರಿ, ಹತ್ತು ಗಂಟೆ, ಬಿಲ್ಲೆ ಚಟ್ ಎಂದು ಮುರಿಯಬೇಕು. ಕಷ್ಟ ಇರುವುದು ಅದಕ್ಕಿಂತ ಮೊದಲು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡೇ ಸಿಪ್ಪೆ ತೆಗೆಯಬೇಕು, ಇಲ್ಲದಿದ್ದರೆ ಬಾಳೆಯ ಕರೆ ಎಂಟು ದಿನ ಹೋಗುವುದಿಲ್ಲ. ಹೆಚ್ಚಿದ್ದನ್ನು ಹಾಗೇ ಮಜ್ಜಿಗೆ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ. ನಲವತ್ತು ಕಿಲೋ ಕಾಯಿ ಸಿಪ್ಪೆ ತೆಗೆದರೆ ಇಪ್ಪತ್ತನಾಲ್ಕು ಕಿಲೋ, ಒಣಗಿಸಿ ಬೀಸಿದರೆ ಏಳು ಚಿಲ್ಲರೆ ಕಿಲೋ. ಕಾಯಿಗೆ 600, ಕರೆಂಟಿಗೆ 225, ಕೂಲಿ 400, ಗಿರಣಿ ಮತ್ತು ಪ್ಯಾಕೆಟ್ಟಿಗೆ 140. ಕಿಲೋಗೆ 300ರಂತೆ ಮಾರಿದರೆ ಕಿಲೋಗೆ 110 ರೂಪಾಯಿ ಉಳಿಯುತ್ತದೆ. ಮಾರಿದರೆ! ತಿಂಗಳಿಗೆ ಐದು ಕಿಲೋ ಮೇಲೆ ಹೋಗಲೇ ಇಲ್ಲ. ಜನ ಒಮ್ಮೆ ಆಸೆಗೆ ಒಯ್ಯುತ್ತಾರೆ, "ಚೆನ್ನಾಗಿತ್ತು" ಎನ್ನುತ್ತಾರೆ, ಮತ್ತೆ ಅಕ್ಕಿ ಹಿಟ್ಟಿಗೇ ಹೋಗುತ್ತಾರೆ. ನಾನೂ ಹಾಗೆಯೇ ಅಲ್ಲವಾ.

ಇನ್ನು ಕರೆಂಟು. ಇದರಲ್ಲಿ ನಾನು ಮಾಡಿಕೊಂಡ ಎಡವಟ್ಟು ಬೇರೆಯವರಿಗೆ ಬೇಡ. ಮೊದಲ ತಿಂಗಳು ಮನೆ ಮೀಟರಿನಿಂದಲೇ ವೈರ್ ಎಳೆದು ಓಡಿಸಿದೆ. ನಮ್ಮ ಮನೆಯ ಖರ್ಚು 45-50 ಯೂನಿಟ್ಟು, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು. ಡ್ರೈಯರ್ ಒಂದು ಸಲ ಬಾಳೆಕಾಯಿಗೆ ಓಡಿದರೆ 28 ಯೂನಿಟ್ಟು ತಿನ್ನುತ್ತದೆ. ಹತ್ತು ಸಲ ಓಡಿಸಿದೆ. 200 ದಾಟಿದರೆ ದಾಟಿದಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿಗೆ ಬಿಲ್ಲು. ಬಿಲ್ಲು ಕೊಡಲು ಬಂದ ಹುಡುಗ ಮಷಿನ್ನಿನಿಂದ ಚೀಟಿ ಹರಿಯುತ್ತ ಹರಿಯುತ್ತ ನನ್ನ ಮುಖ ನೋಡಿದ. "ಅಕ್ಕಾ, ಮನೆಯಲ್ಲಿ ಎಂತ ಇಟ್ಟಿದ್ದೀರಿ?" ಮನೆ ಮೀಟರಿನಲ್ಲಿ ವ್ಯಾಪಾರದ ಯಂತ್ರ ಓಡಿಸುವುದು ತಪ್ಪು ಬೇರೆ. ಆಮೇಲೆ ಕೊಟ್ಟಿಗೆಯ ಪಕ್ಕದ ಕೋಣೆಗೆ ಬೇರೆ ಮೀಟರ್ ಹಾಕಿಸಿದೆ. ಈಗ ಎಲ್ಲ ಸೇರಿ ಯೂನಿಟ್ಟಿಗೆ ಎಂಟು ರೂಪಾಯಿ ಬೀಳುತ್ತದೆ ಎಂದೇ ಲೆಕ್ಕ ಹಾಕುವುದು.

ಮೊದಲ ಮಳೆಗಾಲದ ಜುಲೈನಲ್ಲಿ, ಯಂತ್ರವನ್ನು ಓಎಲ್‌ಎಕ್ಸ್‌ಗೆ ಹಾಕೋಣವೇ ಎಂದು ಗಂಡ ಹೆಂಡತಿ ಮಾತಾಡಿಕೊಳ್ಳುತ್ತಿದ್ದಾಗ, ಹೊಳೆಯಾಚೆ ಮನೆಯ ಹಿರಿಯರೊಬ್ಬರು ಕೊಡೆ ಮಡಚಿ ಜಗುಲಿ ಹತ್ತಿದರು. ಕೈಯಲ್ಲಿ ಬುಟ್ಟಿ, ಬುಟ್ಟಿಯ ಬಾಯಿಗೆ ಬಾಳೆ ಎಲೆ. ಎಲೆ ತೆಗೆದರೆ ಒಳಗೆ ಜಾಪತ್ರೆ, ಜಾಯಿಕಾಯಿಯ ಬೀಜಕ್ಕೆ ಸುತ್ತಿಕೊಂಡಿರುವ ಎಸಳು, ಆಗಷ್ಟೇ ಬಿಡಿಸಿದ್ದು, ಕುಂಕುಮದಂಥ ಕೆಂಪು. "ತಂಗೀ, ಬಾಳೆಕಾಯಿ ಒಣಗೋದಾದ್ರೆ ಇದು ಒಣಗೋದಿಲ್ವಾ?"

ಅಡಿಕೆ ತೋಟದ ನಡುವೆ ಜಾಯಿಕಾಯಿ ಇರುವವರಿಗೆ ಈ ಸಂಕಟ ಗೊತ್ತು. ಅದು ಬಾಯಿ ಬಿಡುವುದೇ ಜೂನ್‌ನಿಂದ ಆಗಸ್ಟ್, ಹೊಡೆಯುವ ಮಳೆಯಲ್ಲಿ. ಜಾಪತ್ರೆಯನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಹೊಗೆ ಕುಡಿಯುತ್ತದೆ, ಒಳಗೆ ಹರವಿದರೆ ಎರಡೇ ದಿನಕ್ಕೆ ಬೂಷ್ಟು. ಕಿಲೋಗೆ ಸಾವಿರದ ಮೇಲೆ ಬಾಳುವ ವಸ್ತುವನ್ನು ವ್ಯಾಪಾರಿ ಮೂಸಿ ನೋಡಿ ಅರ್ಧ ಬೆಲೆಗೆ ಇಳಿಸುತ್ತಾನೆ. ಅವರ ಮೂರು ಕಿಲೋವನ್ನು ನಾಲ್ಕು ಟ್ರೇಗೆ ತೆಳ್ಳಗೆ ಹರವಿ 48 ಡಿಗ್ರಿಗೆ ಇಟ್ಟೆ. ಬಿಸಿ ಏರಿಸಿದರೆ ಕಂದಾಗುತ್ತದೆ ಎಂದು ಅವರೇ ಹೇಳಿದ್ದರು. ಸಂಜೆಗೆ ಬಾಗಿಲು ತೆಗೆದಾಗ ಬಂದ ಪರಿಮಳ ಇವತ್ತಿಗೂ ಆ ಕೋಣೆಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಕೆಂಪು ಹೋಗಿ ಕಿತ್ತಳೆ ಬಣ್ಣ, ಬೆರಳಲ್ಲಿ ಹಿಡಿದರೆ ಗರಿಗರಿ. ಅವರು ಒಂದು ಎಸಳು ಬಾಯಿಗೆ ಹಾಕಿಕೊಂಡರು, ಏನೂ ಹೇಳಲಿಲ್ಲ, ಅಂಗಿ ಜೇಬಿನಿಂದ ಇನ್ನೂರು ರೂಪಾಯಿ ತೆಗೆದು ಟೇಬಲ್ಲಿನ ಮೇಲೆ ಇಟ್ಟರು. ನಾನು ರೇಟೇ ಹೇಳಿರಲಿಲ್ಲ.

ವಾರದೊಳಗೆ ಆರು ಮನೆಯವರು ಬಂದರು.

ಆಗ ಹೊಳೆಯಿತು, ನಾನು ತಂದದ್ದು ಕಾರ್ಖಾನೆಯಲ್ಲ, ಗಿರಣಿ. ಊರಿನ ಹಿಟ್ಟಿನ ಗಿರಣಿಯವನು ತನ್ನ ಹೆಸರಿನ ಹಿಟ್ಟು ಪ್ಯಾಕೆಟ್ ಮಾಡಿ ಅಂಗಡಿ ಅಂಗಡಿ ಅಲೆಯುತ್ತಾನಾ? ಜನ ತಂದದ್ದನ್ನು ಬೀಸಿಕೊಡುತ್ತಾನೆ, ಕೂಲಿ ತಗೊಳ್ಳುತ್ತಾನೆ. ಲೇಬಲ್ಲು, ಮಾರುಕಟ್ಟೆ, ಉಳಿದ ಮಾಲು ಯಾವುದರ ಚಿಂತೆಯೂ ಅವನಿಗಿಲ್ಲ. ಮಳಿಗೆಯ ಹುಡುಗ ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ಟೊಮೇಟೊ ಪುಡಿ, ಈರುಳ್ಳಿ ಪುಡಿ, ಮಾವಿನ ತಿರುಳು ಎಲ್ಲ ಇತ್ತು, ಇದೊಂದು ಇರಲಿಲ್ಲ.

ಎಲ್ಲವೂ ಗಿರಣಿಗೆ ಆಗುವುದಿಲ್ಲ. ಒಬ್ಬರು ಉಪ್ಪಾಗೆ ಎಂಬ ಹುಳಿಹಣ್ಣಿನ ಸಿಪ್ಪೆ ತಂದರು, ಅದೂ ಗೊಬ್ಬರದ ಚೀಲದಲ್ಲಿ. ಅದನ್ನು ಹಾಗೇ ವಾಪಸ್ ಕಳಿಸಿ, ನನ್ನ ಪ್ಲಾಸ್ಟಿಕ್ ಕ್ರೇಟ್ ಕೊಟ್ಟು ಹೊಸದಾಗಿ ತರಿಸಿದೆ. ಹದಿನಾರು ಗಂಟೆ ಓಡಿಸಿದೆ. 24 ಕಿಲೋ ಇಳಿದು ನಾಲ್ಕು ಕಿಲೋ. ಕರೆಂಟೇ 300 ರೂಪಾಯಿ ಆಯಿತು. ಅವರು ದುಡ್ಡು ಕೊಟ್ಟರು, ಮತ್ತೆ ಬರಲಿಲ್ಲ. "ಕಟ್ಟಿಗೆ ನಮ್ಮ ಬೆಟ್ಟದ್ದೇ ಉಂಟಲ್ಲ ತಂಗೀ" ಎಂದರು, ಸರಿಯೇ. ಜೊತೆಗೆ ಆ ಹುಳಿಗೆ ಟ್ರೇಗಳಲ್ಲಿ ತುಕ್ಕಿನ ಚುಕ್ಕೆ ಎದ್ದಿತು. "ಮ್ಯಾಗ್ನೆಟ್ ಹಿಡಿದು ನೋಡಿ ಮೇಡಂ, ಅಂಟುವುದಿಲ್ಲ, ಅಸಲಿ ಸ್ಟೀಲು" ಎಂದು ಮೇಳದಲ್ಲಿ ತೋರಿಸಿದ್ದರು. 202 ನಂಬರಿನ ಅಗ್ಗದ ಸ್ಟೀಲಿಗೂ ಮ್ಯಾಗ್ನೆಟ್ ಅಂಟುವುದಿಲ್ಲ ಎಂದು ಆಮೇಲೆ ತಿಳಿಯಿತು. ಹುಳಿ ಪದಾರ್ಥಕ್ಕೆ 304 ಬೇಕು, ಅದು ಬಿಲ್ಲಿನಲ್ಲಿ ಬರಹದಲ್ಲಿ ಇರಬೇಕು. ಹಸಿ ಅಡಿಕೆಯನ್ನೂ ನಾನು ತಗೊಳ್ಳುವುದಿಲ್ಲ. ಚೊಗರು ಒಮ್ಮೆ ಟ್ರೇಗೆ ಹಿಡಿಯಿತೆಂದರೆ ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗದು, ಮರುದಿನದ ಬಾಳೆಹಣ್ಣು ಕೆಂಪಗಾಗುತ್ತದೆ.

ಲೆಕ್ಕ ಕೂಡಿದ್ದು ಜಾಪತ್ರೆಗೆ, ಆಮೇಲೆ ಏಲಕ್ಕಿಗೆ. ತೂಕ ಕಡಿಮೆ, ಬೆಲೆ ಜಾಸ್ತಿ, ಕೊಯ್ಲು ಮಳೆಯಲ್ಲಿ. ನಮ್ಮ ಕಡೆ ತೋಟದಲ್ಲಿ ನಾಲ್ಕು ಬುಡ ಏಲಕ್ಕಿ ಇಟ್ಟವರು ಬಹಳ, ಆಗಸ್ಟಿನಿಂದ ಕೊಯ್ಲು. ಐದು ಕಿಲೋ ಹಸಿಗೆ ಒಂದು ಕಿಲೋ ಒಣ. ಹಸಿರು ಉಳಿದರೆ ಒಂದು ಬೆಲೆ, ಹಳದಿಗೆ ತಿರುಗಿದರೆ ಇನ್ನೊಂದು. 50 ಡಿಗ್ರಿಯ ಆಸುಪಾಸು ಇಪ್ಪತ್ತು ಗಂಟೆ ಇಟ್ಟರೆ ಹಸಿರು ನಿಲ್ಲುತ್ತದೆ.

ಮೊದಲು ಕಿಲೋ ಲೆಕ್ಕ ಇಟ್ಟಿದ್ದೆ. ಜಗಳಕ್ಕೆ ಅದೇ ದಾರಿ. ಜಾಪತ್ರೆ ಹಗುರ, ಒಂದು ಕಿಲೋಗೆ ಒಂದು ಟ್ರೇ ತುಂಬುತ್ತದೆ. ಏಲಕ್ಕಿ ಎರಡು ಕಿಲೋ ಹಿಡಿಸುತ್ತದೆ. ಮಳೆಯಲ್ಲಿ ಒದ್ದೆಯಾದದ್ದನ್ನು ತೂಗಿದರೆ ನೀರಿಗೂ ಕೂಲಿ ಎನ್ನುತ್ತಾರೆ. ಈಗ ಟ್ರೇ ಲೆಕ್ಕ: ಜಾಪತ್ರೆಗೆ ಟ್ರೇಗೆ 60, ಏಲಕ್ಕಿಗೆ 90. ಟ್ರೇಗಳಿಗೆ ಒಂದರಿಂದ ಹನ್ನೆರಡು ನಂಬರ್ ಕೊರೆಸಿದ್ದೇನೆ, ಪೇಂಟು ಹಚ್ಚಿದರೆ ಬಿಸಿಗೆ ಎದ್ದು ಮಾಲಿಗೆ ಬೀಳುತ್ತದೆ. ನೋಟ್‌ಬುಕ್ಕಿನಲ್ಲಿ ಮನೆ ಹೆಸರು, ಟ್ರೇ ನಂಬರ್. ಒಮ್ಮೆ ಎರಡು ಮನೆಯವರ ಜಾಪತ್ರೆ ಅದಲುಬದಲಾಗಿ, ಒಬ್ಬರದ್ದು ಸ್ವಲ್ಪ ಕಂದು, ಇನ್ನೊಬ್ಬರದ್ದು ಕಿತ್ತಳೆ, ಜಗುಲಿಯಲ್ಲಿ ಒಂದು ಗಂಟೆ ಪಂಚಾಯಿತಿ ಆಗಿತ್ತು. ನಂಬರ್ ಬಂದದ್ದು ಅದರ ಮರುದಿನ.

ಯಂತ್ರದ ದೋಷಗಳು. ಮೇಲಿನ ಟ್ರೇಗೂ ಕೆಳಗಿನದಕ್ಕೂ ಬಿಸಿ ಒಂದೇ ಇಲ್ಲ, ಎರಡು ಗಂಟೆಗೊಮ್ಮೆ ಎದ್ದು ಮೇಲೆಕೆಳಗೆ ಮಾಡಬೇಕು. ರಾತ್ರಿ ಏಲಕ್ಕಿ ಇಟ್ಟರೆ ನಿದ್ದೆ ಇಲ್ಲ. ಮೊದಲ ಮಳೆಗಾಲದಲ್ಲೇ ಥರ್ಮೋಸ್ಟಾಟ್ ಕೆಟ್ಟಿತು. ಮುಂದಿನ ಡಬ್ಬಿಯಲ್ಲಿ 60 ತೋರಿಸುತ್ತಿದೆ, ಒಳಗೆ ಥರ್ಮಾಮೀಟರ್ ಇಟ್ಟರೆ 72. ಕಂಪನಿಗೆ ಫೋನು ಮಾಡಿದರೆ ಹನ್ನೊಂದು ದಿನ "ಹುಡುಗನನ್ನು ಕಳಿಸುತ್ತೇವೆ", ಕೊನೆಗೆ ವಿಡಿಯೋ ಕಾಲಿನಲ್ಲಿ "ಲೋಕಲ್ ಎಲೆಕ್ಟ್ರಿಷಿಯನ್ ಕರೆಸಿ". ಪೇಟೆಯ ಎಲೆಕ್ಟ್ರಿಷಿಯನ್ 900 ರೂಪಾಯಿಯ ಬೇರೆ ಕಂಟ್ರೋಲರ್ ಕೂರಿಸಿದ, ಅರ್ಧ ಗಂಟೆ ಕೆಲಸ, ಇವತ್ತಿಗೂ ಸರಿಯಿದೆ. ಅದೇ ಕಂಟ್ರೋಲರ್ ಮೊದಲೇ ಹಾಕಿ ಕೊಟ್ಟಿದ್ದರೆ ಏನಾಗುತ್ತಿತ್ತೋ.

ದೊಡ್ಡ ತೊಂದರೆ ಮಾತ್ರ ಯಂತ್ರದ್ದಲ್ಲ. ಜುಲೈ ಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಈ ವರ್ಷ ಹಾಗೆ ಆದಾಗ ಒಳಗೆ ಐದು ಮನೆಯವರ ಜಾಪತ್ರೆ ಅರ್ಧ ಒಣಗಿತ್ತು. ಬಾಗಿಲು ಮುಚ್ಚಿಟ್ಟರೆ ಒಳಗಿನ ಹಬೆಗೇ ಬೆಂದುಹೋಗುತ್ತದೆ, ತೆರೆದರೆ ಹೊರಗಿನ ತಂಪು ಕುಡಿಯುತ್ತದೆ. ಬಚ್ಚಲ ಒಲೆಗೆ ಬೆಂಕಿ ಹಾಕಿ, ಮೇಲಿನ ಅಟ್ಟಕ್ಕೆ ಟ್ರೇಗಳನ್ನೇ ಏರಿಸಿ, ಹೊಗೆ ಬರದ ಹಾಗೆ ಕೆಂಡ ಮಾಡಿಕೊಂಡು ಇಬ್ಬರು ಹೆಂಗಸರು ಪಾಳಿಯಲ್ಲಿ ಕೂತರು. ಮಾಲು ಉಳಿಯಿತು, ಹೊಗೆ ವಾಸನೆ ಸ್ವಲ್ಪ ಹಿಡಿದೇ ಹಿಡಿಯಿತು. ಕೂಲಿ ತಗೊಳ್ಳಲಿಲ್ಲ. ಜನರೇಟರ್ ತಗೊಳ್ಳಿ ಎನ್ನುತ್ತಾರೆ, 3 ಕಿಲೋವಾಟ್ ಹೀಟರನ್ನು ಪೆಟ್ರೋಲಿನಲ್ಲಿ ಓಡಿಸುವ ಲೆಕ್ಕ ಹಾಕಿ ಆ ಮಾತು ಬಿಟ್ಟೆ. ಇನ್ನೊಂದು, ಒಣಗಿದ್ದನ್ನು ಹೊರಗೆ ತೆಗೆದು "ಆರಲಿ" ಎಂದು ಬಿಟ್ಟರೆ ಮಳೆಗಾಲದ ಗಾಳಿಯಲ್ಲಿ ಒಂದೇ ಗಂಟೆಗೆ ಮೆತ್ತಗಾಗುತ್ತದೆ. ಬೆಚ್ಚಗೆ ಇರುವಾಗಲೇ ಡಬ್ಬಿಗೆ ಹಾಕಿ ಬಾಯಿ ಬಿಗಿಯಬೇಕು. ಬರುವವರಿಗೆ ಈಗ ಫೋನಿನಲ್ಲೇ ಹೇಳುತ್ತೇನೆ, ಸ್ಟೀಲ್ ಡಬ್ಬಿ ತನ್ನಿ, ಚೀಲ ಬೇಡ.

ಈ ಮಳೆಗಾಲದ ನೋಟ್‌ಬುಕ್: ಜಾಪತ್ರೆ 28 ಸಲ, ಸರಾಸರಿ ಎಂಟು ಟ್ರೇ. ಏಲಕ್ಕಿ 20 ಸಲ, ಒಂಬತ್ತು ಟ್ರೇ. ಬಂದದ್ದು 29,640. ಕರೆಂಟಿಗೆ 7,488. ಉಳಿದದ್ದು 22,152. ಬಾಳೆಕಾಯಿ ಹುಡಿಯಿಂದ ಇನ್ನೊಂದು 3,300. ವರ್ಷದ ಕಂತು 25,500. ಕೂಡಿ ಕಳೆದರೆ 48 ರೂಪಾಯಿ ಕಡಿಮೆ ಬಿತ್ತು, ಅದನ್ನು ಗಂಡನ ಜೇಬಿನಿಂದ ಎತ್ತಿದೆ. ರಾತ್ರಿ ಎದ್ದದ್ದಕ್ಕೆ ನನಗೆ ಕೂಲಿ ಹಾಕಿಕೊಂಡಿಲ್ಲ, ಹಾಕಿಕೊಂಡರೆ ನಷ್ಟವೇ. ಆದರೆ ಬ್ಯಾಂಕಿನಲ್ಲಿ ಕೂತ ಆ ಅರ್ಧ ಸಾಲಕ್ಕೆ ವಜಾ ಆದ ದಿನ ಕಂತು ನಿಲ್ಲುತ್ತದೆ, ಯಂತ್ರ ನಿಲ್ಲುವುದಿಲ್ಲ. ಆ ಇಬ್ಬರು ಹೆಂಗಸರಲ್ಲಿ ಒಬ್ಬರಿಗೆ ಬಾಳೆಕಾಯಿ ದಿನಗಳಲ್ಲಿ ಕೆಲಸ ಸಿಕ್ಕಿದೆ, ಇನ್ನೊಬ್ಬರಿಗೆ ಇನ್ನೂ ಇಲ್ಲ.

ಅಂಕ ಕೊಡುವುದಾದರೆ ಯಂತ್ರಕ್ಕೆ ಐದಕ್ಕೆ ಮೂರೂವರೆ, ಕಂಪನಿಯ ಸರ್ವಿಸ್ಸಿಗೆ ಒಂದು, ಮಾರುವಾಗ ಹೇಳಿದ ಮಾತಿಗೆ ಸೊನ್ನೆ.

ನಾಲ್ಕಾರು ಜನ ಫೋನು ಮಾಡಿ ಕೇಳಿದ್ದಾರೆ, ತಗೊಳ್ಳುವುದೇ ಆದರೆ ಇಪ್ಪತ್ತನಾಲ್ಕು ಟ್ರೇಯದ್ದೇ ತಗೊಳ್ಳಲಾ ಎಂದು. ಮೊದಲು ನಿಮ್ಮ ಊರಿನ ಸುತ್ತ ನಾಲ್ಕು ಕಿಲೋಮೀಟರಿನಲ್ಲಿ ಮಳೆಯಲ್ಲಿ ಕೊಯ್ಯುವ, ಬೆಲೆ ಬಾಳುವ ವಸ್ತು ಯಾರ್ಯಾರ ಮನೆಯಲ್ಲಿ ಎಷ್ಟೆಷ್ಟು ಇದೆ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಜಾಯಿಕಾಯಿ, ಏಲಕ್ಕಿ ಇಲ್ಲದ ಬಯಲುಸೀಮೆಯ ಊರಾದರೆ ನನ್ನ ಲೆಕ್ಕ ನಿಮಗೆ ಉಪಯೋಗವಿಲ್ಲ. ಇರುವ ಊರಾದರೂ ಹನ್ನೆರಡೇ ಸಾಕು. ಜನ ತರುವುದು ಮೂರು ಕಿಲೋ, ನಾಲ್ಕು ಕಿಲೋ. ಇಪ್ಪತ್ತನಾಲ್ಕು ತುಂಬುವವರೆಗೆ ಕಾದರೆ ಮೊದಲು ತಂದವರ ಜಾಪತ್ರೆಗೆ ಬುಟ್ಟಿಯಲ್ಲೇ ಬೂಷ್ಟು ಬಂದಿರುತ್ತದೆ.